ಬಲಗಡೆಯ ಬಟನ್

ಗುರುಗ್ರಾಮದ ಆಫೀಸಿನಲ್ಲಿ ನನ್ನ ಕೆಲಸ, ಫೋನಿನ ಪರದೆಯಲ್ಲಿ ಅಕ್ಷರ ಎಷ್ಟು ದೊಡ್ಡದಿರಬೇಕು, ಬಟನ್ ಎಷ್ಟು ಅಗಲವಿರಬೇಕು ಎಂದು ಗೊತ್ತುಮಾಡುವುದು. ಆದರೂ ಹದಿನಾರರ ಅಳತೆಯ ಅಕ್ಷರ ಅಂದರೆ ಎಷ್ಟು ದೊಡ್ಡದು ಎಂದು ಯಾರಾದರೂ ಕೇಳಿದರೆ ತಬ್ಬಿಬ್ಬಾಗುತ್ತೇನೆ. ಮಾನಿಟರಿನಲ್ಲಿ ಕಡಲೆಕಾಳಿನಷ್ಟಿದ್ದ ಅಕ್ಷರ ಫೋನಿಗೆ ಹೋದರೆ ಸಾಸಿವೆ. ಅಂಕಿ ಮಾತ್ರ ಅದೇ ಹದಿನಾರು. ಏನು ಕರ್ಮವೋ!

ದಿಲ್ಲಿಯ ದ್ವಾರಕಾದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಗೆ ಯಾರೇ ಬಂದರೂ ಗಾರ್ಡ್ ಮನೆಯವರ ಫೋನಿಗೆ ಸಂದೇಶ ಕಳಿಸಿ ಕೇಳುತ್ತಾನೆ. ಬಟನ್ ಒತ್ತಿದರೆ ಒಳಗೆ ಬಿಡುತ್ತಾನೆ. ಕಣ್ಣಿಗೆ ಕಾಣಲ್ಲ ಎಂದು ಅಮ್ಮ ಗೊಣಗಿದ್ದಕ್ಕೆ, ಅವಳ ಫೋನಿನಲ್ಲಿ ಕನ್ನಡ ಹಾಕಿ, ಅಕ್ಷರವನ್ನು ಆದಷ್ಟೂ ದೊಡ್ಡದು ಮಾಡಿಕೊಟ್ಟೆ. ಅಮ್ಮ ಹಿಗ್ಗಿದಳು. ಆಮೇಲೆ ಅವಳ ಗೆಳತಿ ಬರುವುದು ನಿಂತಿತು.

ಗೆಳತಿ ಉಡುಪಿ ಕಡೆಯವರು, ಗಂಡ ಇಲ್ಲೇ ಹೋಟೆಲ್ ನಡೆಸುತ್ತಾರೆ. ದಿಲ್ಲಿಯಲ್ಲಿ ಅಮ್ಮನಿಗೆ ಬಾಯಿತುಂಬ ಕನ್ನಡ ಮಾತಾಡಲು ಇದ್ದವರು ಅವರೊಬ್ಬರೇ.

"ಗೇಟಿನ ತನಕ ಬಂದು ತಿರುಗಿ ಹೋಗ್ತಾಳೆ ಕಣೋ, ಏನು ಸೊಕ್ಕು!" ಅಮ್ಮ ಮುಖ ಊದಿಸಿಕೊಂಡಳು. ಕಣ್ಣು ತುಂಬಿತ್ತು. ನೋಡಲಾರದೆ ನಾನೇ ಅವರಿಗೆ ಫೋನ್ ಮಾಡಿದೆ.

"ನಾನು ಬರ್ತೇನೆ ಮಾರಾಯ," ಅವರು ಅಂದರು. "ಗಾರ್ಡ್ ಭಯ್ಯಾ 'ಆಂಟೀ ನೇ ಮನಾ ಕರ್ ದಿಯಾ' ಅಂತಾನೆ. ನಿನ್ನಮ್ಮನೇ ಬೇಡ ಅಂದ್ರಂತೆ. ನಾನು ಬೇಡದಿದ್ರೆ ಅವರೇ ಬಾಯಿಬಿಟ್ಟು ಹೇಳ್ಲಿ."

"ಅಯ್ಯೋ, ನಾನ್ಯಾಕೆ ಬೇಡ ಅನ್ಲಿ! ಪ್ರತಿಸಲ ಬಟನ್ ಒತ್ತಿದೀನಲ್ಲೋ!" ಕೇಳಿದ್ದಕ್ಕೆ ಅಮ್ಮ ಕೂಗಿದಳು.

ನನಗೆ ತಲೆಬುಡ ತಿಳಿಯಲಿಲ್ಲ. ಇನ್ನೊಂದೇ ಒಂದು ಸಲ ಬನ್ನಿ ಎಂದು ಗೋಗರೆದೆ. ಭಾನುವಾರ ಬಂದರು. ಅಮ್ಮನ ಫೋನ್ ಕೂಗಿತು. ಪರದೆಯಲ್ಲಿ ಗೆಳತಿಯ ಹೆಸರು, ಕೆಳಗೆ ಅಕ್ಕಪಕ್ಕ ಒಂದೇ ಬಣ್ಣದ ಎರಡು ಬಟನ್. ಒಂದರಲ್ಲಿ 'ಅನುಮತಿ…'. ಇನ್ನೊಂದರಲ್ಲೂ 'ಅನುಮತಿ…'. ಅಕ್ಷರ ಬೆಳೆದಿತ್ತು, ಬಟನ್ ಬೆಳೆದಿರಲಿಲ್ಲ. ಕೊಡಿ, ಬೇಡ ಎನ್ನುವ ಮಾತೆಲ್ಲ ಚುಕ್ಕೆಗಳ ಹಿಂದೆ ಹೋಗಿಬಿಟ್ಟಿತ್ತು.

"ಯಾವುದನ್ನ ಒತ್ತುತ್ತಿದ್ದೆ ಅಮ್ಮ?"

"ಬಲಗಡೆದು. ಮನೆಗೆ ಬರೋರನ್ನ ಯಾರಾದ್ರೂ ಎಡಗಡೆಯಿಂದ ಕರೀತಾರೇನೋ?"

ಹಾಗಾದರೆ ಎಡಗಡೆಯದೇ ಸರಿಯೇ? ಇರಬೇಕು. ಆದರೆ ಮತ್ತೆ ತಪ್ಪಿದರೆ? ದಿನವಿಡೀ ಇದೇ ಕಸುಬಿನವನು, ಬೆರಳೆತ್ತಿಕೊಂಡು ಪೆದ್ದನ ಹಾಗೆ ನಿಂತೆ.

ಅಮ್ಮ ಕಾಯಲಿಲ್ಲ. ಫೋನನ್ನು ನನ್ನ ಕೈಗೆ ತುರುಕಿ, ಚಪ್ಪಲಿ ಮೆಟ್ಟಿ ಇಳಿದೇಹೋದಳು. ಬಾಲ್ಕನಿಯಿಂದ ಬಗ್ಗಿ ನೋಡಿದೆ. ಗೇಟಿನಲ್ಲಿ ಗೆಳತಿಯ ಕೈ ಹಿಡಿದು ಎಳೆಯುತ್ತ, ಇವಳು ನನ್ನವಳು ಎಂದು ತನ್ನ ಹರಕುಮುರುಕು ಹಿಂದಿಯಲ್ಲಿ ಗಾರ್ಡಿನ ಮೇಲೆ ಕೂಗಾಡುತ್ತಿದ್ದಳು: "ಭಯ್ಯಾ, ಯೇ ಮೇರಾ ಹೈ, ಮೇರಾ!"

ನನ್ನ ಕೈಯಲ್ಲಿ ಫೋನು ಇನ್ನೂ ಅನುಮತಿ ಕೇಳುತ್ತಲೇ ಇತ್ತು.