ಮುಖಪುಟದ ಅಂಜಿನಮ್ಮ

ನಾನು ಅಜ್ಜಂಪುರದ ಪ್ರೌಢಶಾಲೆಗೆ ವರ್ಗವಾಗಿ ಬಂದದ್ದು ೧೯೭೭ರ ಜೂನ್ ತಿಂಗಳಲ್ಲಿ. ಬಂದ ದಿನವೇ ಬಸ್ ನಿಲ್ದಾಣದ ಪೆಟ್ಟಿಗೆ ಅಂಗಡಿಯ ಮುಂದೆ ಅಂಜಿನಮ್ಮನನ್ನು ಕಂಡೆ. ಅಂಗಡಿಯವನು ವಾರಪತ್ರಿಕೆ, ಮಾಸಪತ್ರಿಕೆಗಳನ್ನು ದಾರಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟಿದ್ದ. ಎರಡು ಜಡೆಯ ಹುಡುಗಿಯೊಬ್ಬಳು ಅವುಗಳ ಪಕ್ಕದಲ್ಲಿ ಬಹಳ ಹೊತ್ತಿನಿಂದ ನಿಂತಿದ್ದಳು. ಕೊಳ್ಳುತ್ತಿರಲಿಲ್ಲ, ಓದುತ್ತಲೂ ಇರಲಿಲ್ಲ.

“ಯಾವ್ದು ಬೇಕಮ್ಮಾ?” ಎಂದೆ.

“ಯಾವ್ದೂ ಬ್ಯಾಡ. ಯಾರು ಯಾವ್ದಕ್ಕೆ ಕೈ ಹಾಕ್ತಾರೆ ಅಂತ ನೋಡ್ತಿದೀನಿ.”

“ನೋಡಿ ಏನು ತಿಳೀತು?”

“ನಮ್ಮ ವಯಸ್ಸಿನೋರು ಪತ್ರಿಕೆ ಹೆಸ್ರು ನೋಡಲ್ಲ ಕಣ್ರೀ. ಚಿತ್ರದಲ್ಲಿರೋರು ತಮ್ಮನ್ನೇ ನೋಡ್ತಿದ್ರೆ ನಿಲ್ತಾರೆ. ಎತ್ಲಾಗೋ ನೋಡ್ತಿದ್ರೆ ಮುಂದಕ್ಕೋಯ್ತಾರೆ.”

ಮರುದಿನ ಅವಳು ನನ್ನ ಒಂಬತ್ತನೆಯ ತರಗತಿಯಲ್ಲಿಯೇ ಕುಳಿತಿದ್ದಳು. ಮೇಷ್ಟ್ರೊಡನೆ ಸಲಿಗೆಯಿಂದ ಮಾತನಾಡಿಬಿಟ್ಟೆನೆಂದು ನಾಲಗೆ ಕಚ್ಚಿಕೊಂಡಳು. ಆದರೆ ತಲೆ ತಗ್ಗಿಸಲಿಲ್ಲ. ತಂದೆ ತಿಮ್ಮರಾಯಪ್ಪ ಊರಾಚೆ ಈರುಳ್ಳಿ ಬೆಳೆಯುತ್ತಿದ್ದರು.

ಶಾಲೆಯಲ್ಲಿ ಒಂದು ಕೈಬರಹದ ಮಾಸಪತ್ರಿಕೆಯಿತ್ತು. ಮಕ್ಕಳ ಕಥೆ, ಪದ್ಯ, ಒಗಟುಗಳನ್ನು ದುಂಡಗೆ ಬರೆಸಿ, ಹೊಲಿದು, ಗ್ರಂಥಾಲಯದ ಮೇಜಿನ ಮೇಲೆ ಇಡುತ್ತಿದ್ದರು. ಮುಖಪುಟದಲ್ಲಿ ಪ್ರತಿ ತಿಂಗಳೂ ಸರಸ್ವತಿ. ಅದೂ ಒಂದೇ ಕ್ಯಾಲೆಂಡರಿನಿಂದ ತೆಗೆದ ನಕಲು. ಬರೆದವರು ತಮ್ಮ ಬರಹವಿದ್ದ ಹಾಳೆಯನ್ನಷ್ಟೇ ತೆರೆದು ನೋಡಿ ಮುಚ್ಚುತ್ತಿದ್ದರು. ಉಳಿದವರು ಮುಟ್ಟುತ್ತಿರಲಿಲ್ಲ. ಪತ್ರಿಕೆಯ ಹೊಣೆ ನನಗೆ ಬಂದಾಗ ಆಗಸ್ಟ್ ಸಂಚಿಕೆಯ ಮುಖಪುಟವನ್ನು ಅಂಜಿನಮ್ಮನಿಗೆ ಕೊಟ್ಟೆ.

ಅವಳು ತನ್ನ ವಯಸ್ಸಿನ ಹುಡುಗಿಯನ್ನು ಬರೆದು ತಂದಳು. ಶಾಲೆಯ ಸಮವಸ್ತ್ರ, ಒಂದು ಜಡೆ ಬಿಚ್ಚಿಕೊಂಡಿದೆ, ಈರುಳ್ಳಿ ಚೀಲದ ಮೇಲೆ ಕುಳಿತು ಪುಸ್ತಕ ಹಿಡಿದಿದ್ದಾಳೆ. ನೋಡಿದವರನ್ನು ಏನೋ ಕೇಳಹೊರಟಂತೆ ದಿಟ್ಟಿಸುತ್ತಿದ್ದಾಳೆ. ಬಳಸಿದ್ದು ಅರಿಶಿನ, ಬಟ್ಟೆಗೆ ಹಾಕುವ ನೀಲಿ, ಕೆಮ್ಮಣ್ಣು.

“ಮೂರೇ ಬಣ್ಣ ಸಾಕೇನಮ್ಮಾ?”

“ಬಾಗ್ಲಲ್ಲಿ ನಿಂತೋರಿಗೂ ಕಾಣ್ಬೇಕು ಸಾರ್. ಜಾಸ್ತಿ ಹಾಕಿದ್ರೆ ಕಲಸೋಗ್ತದೆ.”

ಆ ವಾರ ಮೇಜಿನ ಸುತ್ತ ಜಾಗವಿರಲಿಲ್ಲ. ಗ್ರಂಥಾಲಯದ ಹೊಸ್ತಿಲನ್ನೇ ದಾಟದ ಹತ್ತನೆಯ ತರಗತಿಯ ಹುಡುಗರೂ ಬಂದರು.

“ಲೇ, ಇವ್ಳು ನಮ್ಮ ಕ್ಲಾಸಿನ ಕೆಂಚಮ್ಮ ಕಣೋ!”

“ಅಲ್ಲ ಕಣೋ. ಕೆಂಚಮ್ಮ ಆಗಿದ್ರೆ ಇಷ್ಟೊತ್ಗೆ ಬೈದಿರೋಳು!”

ಹೀಗೆ ತಮಾಷೆಗೆ ಬಂದವರು ಪುಟ ತಿರುವಿದರು, ಓದಿದರು. ಸುದ್ದಿ ಮುಖ್ಯೋಪಾಧ್ಯಾಯರಾದ ಮಲ್ಲಿಕಾರ್ಜುನಪ್ಪನವರಿಗೂ ಮುಟ್ಟಿತು. ಅಂಜಿನಮ್ಮನನ್ನೂ ನನ್ನನ್ನೂ ಕರೆಸಿದರು.

“ಸರಸ್ವತಿ ಎಲ್ಲಮ್ಮಾ?”

“ಒಳಗಡೆ ಪದ್ಯ ಐತೆ ಸಾರ್, ಆವಮ್ಮನ ಮೇಲೆ.”

“ಹೊರಗೆ ಬೇಕು.”

“ಸರಸ್ವತಿ ಎಲ್ಲಾ ಓದಿ ಮುಗ್ಸವ್ಳೆ ಸಾರ್. ಓದ್ಬೇಕಾದೋರು ನಾವು.”

“ಬಾಯಿ ನೋಡು! ಬೆಳೆದ ಹುಡುಗಿ ಚಿತ್ರ ನೋಡೋಕೆ ಗಂಡುಹುಡುಗರು ಮುತ್ತಿಗೆ ಹಾಕೋದು ನಮ್ಮ ಶಾಲೆಯಲ್ಲಿ ನಡೆಯೋದಿಲ್ಲ. ಇನ್ನು ಮೇಲೆ ಸರಸ್ವತಿ ಬರೆಯೋದಾದ್ರೆ ನೀನು ಬರಿ, ಇಲ್ದಿದ್ರೆ ಬೇರೆಯವರು ಬರೀತಾರೆ.”

ಜವಾನ ಸಣ್ಣಬೀರಪ್ಪ ಅಪ್ಪಣೆಯಂತೆ ಪತ್ರಿಕೆಗೆ ಖಾಕಿ ಕಾಗದದ ಹೊದಿಕೆ ಅಂಟಿಸಿದ, ನಾವೆಲ್ಲ ಪಠ್ಯಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದೆವಲ್ಲ, ಹಾಗೆ.

“ಒಂದು ಸಲ ಹಟ ಬಿಡಮ್ಮಾ. ಸರಸ್ವತಿ ಬರೆದುಬಿಡು,” ಎಂದೆ ನಾನು.

“ಒಂದ್ಸಲ ಬರೆದ್ರೆ ಯಾವಾಗ್ಲೂ ಅದನ್ನೇ ಬರೀಬೇಕು ಸಾರ್. ಬೇಕಾದ್ರೆ ನನ್ನೇ ತೆಗೀಲಿ ಬಿಡಿ.”

ಅವಳು ಸುಮ್ಮನಿರಲಿಲ್ಲ. ಮರುದಿನ ಬೆಳಿಗ್ಗೆ ಮೇಜಿನ ಬಳಿ ಮಲ್ಲಿಕಾರ್ಜುನಪ್ಪನವರ ಕೂಗು ಕೇಳಿಸಿತು. “ಸಣ್ಣಬೀರಪ್ಪಾ! ಯಾರೋ ಇದನ್ನ ಹರಿದದ್ದು?”

ಖಾಕಿ ಹೊದಿಕೆ ನಡುವೆ ಹರಿದು, ಅಂಚು ಸುರುಳಿಯಾಗಿ ಮೇಲೆದ್ದು, ಸಂದಿನಿಂದ ಎರಡು ಕಣ್ಣುಗಳು ಇಣುಕುತ್ತಿದ್ದವು. ಸಣ್ಣಬೀರಪ್ಪ ಗೋಂದಿನ ಬಟ್ಟಲು ತಂದು, ಎದ್ದಿದ್ದ ಅಂಚನ್ನು ಬೆರಳಿನಿಂದ ಒತ್ತಿದ. ಅದು ಕೂರಲಿಲ್ಲ. ಉಗುಳು ಹಚ್ಚಿ ಮತ್ತೆ ಒತ್ತಿದ. ಬೆರಳಿಗೆ ಬಣ್ಣ ಮೆತ್ತಿತು.

“ಬುದ್ದೀ, ಇದು ಹರ್ದಿಲ್ಲ. ಹರ್ದಂಗೆ ಚಿತ್ರ ಬರ್ದವ್ರೆ!”

ಮಕ್ಕಳೆಲ್ಲ ಗೊಳ್ಳೆಂದರು. ಮುಖ್ಯೋಪಾಧ್ಯಾಯರು ತಾವೇ ಉಗುರಿನಿಂದ ಕೆರೆದು ನೋಡಿದರು.

“ಇದರ ಮೇಲೆ ಇನ್ನೊಂದು ಕಾಗದ ಅಂಟಿಸು,” ಎಂದರು.

“ಅಂಟಿಸ್ಲಿ ಸಾರ್. ಅದರ ಮೇಲೂ ಬರೀತೀನಿ,” ಎಂದಳು ಅಂಜಿನಮ್ಮ.

ಅಂದೇ ಅವಳ ಹೆಸರನ್ನು ಪತ್ರಿಕೆಯ ಮಂಡಳಿಯಿಂದ ತೆಗೆದರು. ತಪ್ಪಾಯಿತು ಎಂದರೆ ಮತ್ತೆ ಸೇರಿಸಿಕೊಳ್ಳುತ್ತೇನೆಂದು ನನ್ನ ಮೂಲಕ ಹೇಳಿಕಳುಹಿಸಿದರು. ಅವಳು ಆ ಮಾತು ಆಡಲಿಲ್ಲ. ಸೆಪ್ಟೆಂಬರಿನಲ್ಲಿ ಸರಸ್ವತಿ ಮರಳಿ ಬಂದಳು, ಮೇಜಿನ ಸುತ್ತಲಿನ ಜಾಗವೂ ಖಾಲಿಯಾಯಿತು. ಅಕ್ಟೋಬರಿನಲ್ಲಿ ಮಕ್ಕಳು ಬರಹ ಕೊಡುವುದನ್ನೇ ನಿಲ್ಲಿಸಿದರು. ಯಾರು ಹೇಳಿಕೊಟ್ಟರೆಂದು ಕೇಳಿದರೆ ಎಲ್ಲರೂ ಸೂರು ನೋಡುತ್ತಿದ್ದರು. ನವೆಂಬರಿನಲ್ಲಿ ಪತ್ರಿಕೆಯೇ ಬರಲಿಲ್ಲ.

ಡಿಸೆಂಬರಿನ ಒಂದು ಮಧ್ಯಾಹ್ನ ಮಲ್ಲಿಕಾರ್ಜುನಪ್ಪನವರು ತಾವೇ ನಮ್ಮ ತರಗತಿಗೆ ಬಂದು ಬಾಗಿಲಲ್ಲಿ ನಿಂತರು. ದೊಡ್ಡ ಮನಸ್ಸಿನ ಮನುಷ್ಯ.

“ಬರೆಯಮ್ಮಾ ಮಾರಾಯ್ತಿ. ಯಾರನ್ನಾದ್ರೂ ಬರಿ. ಪತ್ರಿಕೆ ನಿಲ್ಲೋದು ಬೇಡ.”

ಅವಳು ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ ಮುಖಪುಟ ಅವಳದೇ ಆಗಿತ್ತು. ಆಮೇಲೆ ತರೀಕೆರೆಯಲ್ಲಿ ಅಂಗಡಿಗಳಿಗೆ ಬೋರ್ಡು ಬರೆದಳು. ಹೆಣ್ಣುಮಗಳು ಏಣಿ ಹತ್ತುವುದೇ ಎಂದವರಿಗೆ, “ನೀವು ಹತ್ತಿ, ನಾನು ಕೆಳಗೆ ಹಿಡ್ಕೊಂತೀನಿ,” ಎನ್ನುತ್ತಿದ್ದಳಂತೆ.

ಈಗ, ೧೯೮೯ರಲ್ಲಿ, ಕಡೂರಿನ ಒಂದು ಮುದ್ರಣಾಲಯದಲ್ಲಿದ್ದಾಳೆ. ಅಲ್ಲಿಂದ ಹೊರಡುವ ವಿದ್ಯಾರ್ಥಿಗಳ ಮಾಸಪತ್ರಿಕೆಗೆ ಮುಖಪುಟದ ಮರದ ಅಚ್ಚುಗಳನ್ನು ಕೆತ್ತುತ್ತಾಳೆ. ಕಳೆದ ವಾರ ನಾನು ಹೋಗಿದ್ದಾಗ ಮಾಲೀಕರಾದ ಚನ್ನಬಸಪ್ಪನವರು ಸಿನಿಮಾ ನಟಿಯ ಫೋಟೋ ಹಿಡಿದು ಅವಳ ಹಿಂದೆ ನಿಂತಿದ್ದರು.

“ಇದನ್ನ ಹಾಕು ತಾಯಿ, ಹುಡುಗ್ರು ಮುಗಿಬೀಳ್ತಾರೆ.”

“ಮುಗಿಬಿದ್ದು ಫೋಟೋ ಕಿತ್ಕೊಂಡು ಗೋಡೆಗೆ ಅಂಟಿಸ್ಕೋತಾರೆ ಅಣ್ಣ. ಒಳಗಿರೋದನ್ನ ನಿಮ್ಮಜ್ಜಿ ಓದ್ತಾಳಾ?”

ಚನ್ನಬಸಪ್ಪನವರು ಫೋಟೋವನ್ನು ಜೇಬಿಗೆ ಹಾಕಿಕೊಂಡು ನನ್ನ ಮುಖ ನೋಡಿದರು. ಅಂಜಿನಮ್ಮ ಉಳಿ ಹಿಡಿದು, ಎಮ್ಮೆದೊಡ್ಡಿ ಕಡೆಯಿಂದ ಬಸ್ಸಿನ ಮೇಲೆ ಕುಳಿತು ಶಾಲೆಗೆ ಬರುವ ಮಕ್ಕಳ ಸಾಲನ್ನು ಕೆತ್ತುತ್ತಿದ್ದಳು.