ಹತ್ತೇ ನಿಮಿಷ ಓಡುತ್ತಿದ್ದ ಎಂಜಿನ್

೧೯೪೬ರಲ್ಲಿ ನಾನು ಹೊಸಕೋಟೆ ಕಡೆಯ ಒಂದು ಎಸ್ಟೇಟಿನ ವರ್ಕ್‌ಷಾಪಿನಲ್ಲಿ ಫಿಟ್ಟರ್ ಆಗಿದ್ದೆ. ಹೆಡ್ ಫಿಟ್ಟರ್ ಕೆಲಸ ಬಿಡುವವರಿದ್ದರು. ಆ ಜಾಗಕ್ಕೆ ಇದ್ದವರು ಇಬ್ಬರೇ: ಹನ್ನೊಂದು ವರ್ಷದಿಂದ ದುಡಿಯುತ್ತಿದ್ದ ನಾನು, ಎರಡು ವರ್ಷದ ಹಿಂದೆ ತೂಬಗೆರೆಯಿಂದ ಬಂದ ಮುನಿಯಪ್ಪ. ಅವನು ಯಾವ ಎಂಜಿನ್ನನ್ನೂ ಬಿಚ್ಚುವ ಮೊದಲು ಸುಮ್ಮನೆ ನಿಂತು ಸದ್ದು ಕೇಳುತ್ತಿದ್ದ. ಮ್ಯಾನೇಜರು ಅದನ್ನು ಹೊಗಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಅವನು ಬೀಡಿ ಸೇದದಿರುವುದೂ ನನ್ನ ಕಣ್ಣಿಗೆ ಅಹಂಕಾರವೇ.

ಬಂಗಲೆಯ ಹುಲ್ಲು ಕತ್ತರಿಸುವ ಮೋವರ್ ಕೆಟ್ಟಾಗ ನಾನೇ ಕೇಳಿ ಪಡೆದೆ. ಹೊಸ ಪಿಸ್ಟನ್ ರಿಂಗ್ ಹಾಕಿದೆ, ವಾಲ್ವ್ ಉಜ್ಜಿ ಕೂರಿಸಿದೆ. ಆಯುಧಪೂಜೆಯ ದಿನ ಅದರ ಟ್ಯಾಂಕಿನ ಮುಚ್ಚಳಕ್ಕೆ ಅರಿಶಿನ ಗಟ್ಟಿಯಾಗಿ ಕಲಸಿ ಬಳಿದು, ಮೇಲೆ ಕುಂಕುಮ ಇಟ್ಟೆ. ಪಕ್ಕದ ಪಂಪಿಗೆ ಮುನಿಯಪ್ಪ ಇಟ್ಟದ್ದಕ್ಕಿಂತ ನನ್ನದು ದೊಡ್ಡದಾಗಿರಬೇಕಿತ್ತು.

ಹಬ್ಬ ಕಳೆದ ಮೇಲೆ ಮೋವರ್ ಹತ್ತು ನಿಮಿಷ ಚೆನ್ನಾಗಿಯೇ ಓಡಿತು. ಆಮೇಲೆ ಮುಗ್ಗರಿಸಿ, ಕೆಮ್ಮಿ, ನಿಂತಿತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹತ್ತು ನಿಮಿಷ. ಪ್ಲಗ್ ಬದಲಿಸಿದೆ, ಕಿಡಿ ಕೊಡುವ ಮ್ಯಾಗ್ನೆಟೊ ನೋಡಿದೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರನ್ನು ಎರಡು ಸಲ ತೊಳೆದೆ. ಮೂರನೆಯ ದಿನ ಮ್ಯಾನೇಜರು, "ಮುನಿಯಪ್ಪನಿಗೆ ತೋರಿಸಯ್ಯ" ಎಂದರು. ನನಗೆ ತಡೆಯಲಾಗಲಿಲ್ಲ.

"ಪೆಟ್ರೋಲ್ ತುಂಬ್ಸಿದ್ದು ಅವ್ನೇ ಸಾರ್. ಸೀಮೆಎಣ್ಣೆ ಬೆರೆಸಿ ಪೆಟ್ರೋಲ್ ಮಾರ್ಕೊಂಡವ್ನೆ."

ಆಗ ಪೆಟ್ರೋಲಿಗೆ ರೇಷನ್; ಅದನ್ನಿಡುವ ಕೋಣೆಯ ಬೀಗದ ಕೈ ಮುನಿಯಪ್ಪನ ಹತ್ತಿರ ಇರುತ್ತಿತ್ತು. ಕದ್ದವನಿಗೆ ಕೆಲಸವೂ ಹೋಗುತ್ತಿತ್ತು, ಪೊಲೀಸರೂ ಬರುತ್ತಿದ್ದರು. ಅವನು ಕದ್ದಿದ್ದಾನೆಂದು ನಾನು ನಂಬಿರಲಿಲ್ಲ. ಕದ್ದಿರಲಿ ಎಂದು ಆಸೆಪಟ್ಟಿದ್ದೆ.

ಅದನ್ನು ಕೇಳಿಸಿಕೊಂಡ ಮುನಿಯಪ್ಪ ಎಂಜಿನ್ ಚಾಲೂ ಮಾಡಿ, ಕಿವಿಗೊಟ್ಟು ನಿಂತ. ಸದ್ದು ಇಳಿಯತೊಡಗಿದಾಗ ಟ್ಯಾಂಕಿನ ಮುಚ್ಚಳ ಸಡಿಲಿಸಿದ. ಗಾಳಿ ಸುಯ್ಯೆಂದು ಒಳಕ್ಕೆ ನುಗ್ಗಿತು, ಎಂಜಿನ್ ಚೇತರಿಸಿಕೊಂಡಿತು. ಆ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಅದರಿಂದ ಗಾಳಿ ಒಳಗೆ ಹೋದರೆ ಮಾತ್ರ ಪೆಟ್ರೋಲ್ ಕೆಳಗೆ ಇಳಿಯುತ್ತದೆ. ನಾನು ಬಳಿದ ಅರಿಶಿನ ಒಣಗಿ ಅದನ್ನು ಮುಚ್ಚಿತ್ತು.

"ಅಣ್ಣಾ, ಅರಿಸಿನ ತೂತಿಗೆ ಕೂತ್ಬಿಟ್ಟೈತೆ" ಎಂದು ನನಗಷ್ಟೇ ಕೇಳುವಂತೆ ಹೇಳಿ, ಹೆಬ್ಬೆರಳಿನಿಂದ ಕೆರೆದು ಒರೆಸಿದ. ದೂರದಲ್ಲಿದ್ದ ಮ್ಯಾನೇಜರಿಗೆ, "ಒಂಚೂರು ಕಸ ಕಟ್ಕೊಂಡಿತ್ತು ಸಾರ್. ಅಣ್ಣ ರಿಪೇರಿ ಚೆನ್ನಾಗೇ ಮಾಡವ್ರೆ" ಎಂದ.

ನಾನು ತಪ್ಪಾಯಿತು ಎನ್ನಲಿಲ್ಲ. ಅವನ ಒಳ್ಳೆಯತನ ಕಂಡು ಹೊಟ್ಟೆಕಿಚ್ಚು ಇನ್ನೂ ಹೆಚ್ಚಿತು. ಹೆಡ್ ಫಿಟ್ಟರ್ ಕೆಲಸ ನನಗೇ ಸಿಕ್ಕಿತು. ಕಳ್ಳತನದ ಅನುಮಾನ ಮಾತ್ರ ಮ್ಯಾನೇಜರ ಮನಸ್ಸಿನಿಂದ ಹೋಗಲಿಲ್ಲ. ಪೆಟ್ರೋಲ್ ಕೋಣೆಯ ಬೀಗದ ಕೈಯನ್ನು ಎಲ್ಲರೆದುರಿಗೆ ಅವನಿಂದ ವಾಪಸು ಪಡೆದರು. ನಾನು ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಮರುತಿಂಗಳು ಅವನು ಕೆಲಸ ಬಿಟ್ಟು ಹೋದ.

ರಿಪೇರಿಯಾದ ಮೇಲೂ ಎಂಜಿನ್ ಸರಿಯಾಗಿ ಓಡದಿದ್ದರೆ, ನಿಮ್ಮ ಕೈ ಕೊನೆಗೆ ಎಲ್ಲಿ ಮುಟ್ಟಿತ್ತೋ ಅಲ್ಲಿಂದ ಹುಡುಕಿ. ನಿವೃತ್ತನಾಗುವವರೆಗೂ ಕೈಕೆಳಗಿನವರಿಗೆ ಇದನ್ನೇ ಹೇಳಿಕೊಟ್ಟೆ. ಎಲ್ಲರೂ ನನ್ನ ಅನುಭವವನ್ನು ಮೆಚ್ಚಿದರು. ಮುನಿಯಪ್ಪನ ಹೆಸರನ್ನು ಒಬ್ಬರ ಮುಂದೆಯೂ ಹೇಳಲಿಲ್ಲ.