ಮದುವೆ ಕಾರ್ಡಿನ ಮೇಲೆ ಅರಿಶಿನ ನಿಲ್ಲದ ದಿನ

ಸ್ವಸ್ತಿಶ್ರೀ... ಅಖಂಡ ಬಂಗಾರಪೇಟೆ ತಾಲೂಕಿನ ಮೊಬೈಲ್ ಮಂಡಲಾಧೀಶ್ವರರೇ, ಚಾರ್ಜರ್‌ಧಾರಿಗಳೇ, ಹತ್ತು ಸೆಕೆಂಡಿಗೊಂದು ರೀಲ್ ದಾಟುವ ಮಹಾಸಾಹಸಿಗಳೇ, ತಾವುಗಳು ಬಂಧುಮಿತ್ರ ಸಮೇತರಾಗಿ ಆಗಮಿಸಿ ಈ ಪೋಸ್ಟನ್ನು ಕೊನೆಯವರೆಗೂ ಓದಿ ನನ್ನನ್ನು ಆಶೀರ್ವದಿಸಬೇಕಾಗಿ ಕೋರುವ...

ಕ್ಷಮಿಸಿ. ಮಾವನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದಿನವಿಡೀ ಮದುವೆ ಕಾರ್ಡು ಕಂಪೋಸ್ ಮಾಡಿ ಮಾಡಿ ನನಗೆ ಇದೇ ಭಾಷೆ ಹತ್ತಿಬಿಟ್ಟಿದೆ.

ವಿಷಯ ಏನೆಂದರೆ, ನಮ್ಮ ಪ್ರೆಸ್ಸಿನ ಲ್ಯಾಮಿನೇಷನ್ ಮಿಷನ್ನಿಗೆ ಈಗ ಮಾವನ ಹಳೇ ಪಂಚೆ ಹೊದಿಸಿದೆ. ಹೊದಿಸುವಂತೆ ಮಾಡಿದ ಮಹಾಪುರುಷ ನಾನೇ.

ಲ್ಯಾಮಿನೇಷನ್ ಅಂದರೆ ಕಾರ್ಡಿನ ಮೇಲೆ ಅಂಟಿಸುವ ತೆಳು ಪ್ಲಾಸ್ಟಿಕ್. ಕಾರ್ಡು ಮಿಣಮಿಣ ಅನ್ನುವುದು ಅದರಿಂದಲೇ. ಆದರೆ ಕಾರ್ಡು ಕತ್ತರಿಸಿ ಉಳಿದ ಅಂಚುಗಳನ್ನು ರದ್ದಿಯವನೂ ಮುಟ್ಟುವುದಿಲ್ಲ. ಕಾಗದವನ್ನು ಒಯ್ಯುತ್ತಾನೆ, ಪ್ಲಾಸ್ಟಿಕ್ ಅಂಟಿದ್ದನ್ನು ಆರಿಸಿ ಆಚೆ ಎಸೆಯುತ್ತಾನೆ.

ಹಾಗಾಗಿ ಅದೆಲ್ಲ ಪ್ರೆಸ್ಸಿನ ಹಿತ್ತಲಲ್ಲಿ ಗುಡ್ಡೆ ಬೀಳುತ್ತಿತ್ತು. ವಾರಕ್ಕೊಮ್ಮೆ ಬೆಂಕಿ.

ನಾನು ಹುಟ್ಟಿದ್ದು ಚಿನ್ನದ ಗಣಿಯ ಊರಿಗಾಂನಲ್ಲಿ. ಗುಡ್ಡೆ ಅಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಚಿನ್ನ ತೆಗೆದವರು ಹೋದರು, ಸೈನೈಡ್ ಬೆರೆತ ಮಣ್ಣಿನ ಗುಡ್ಡೆ ನಮಗೆ ಬಿಟ್ಟರು. ಗಾಳಿಗೆ ಅದರ ಧೂಳೆದ್ದ ದಿನ ನಮ್ಮಮ್ಮ ಇವತ್ತಿಗೂ ಕಿಟಕಿ ಹಾಕುತ್ತಾರೆ.

ಇಲ್ಲಿ ಪಕ್ಕದ ಮನೆಯ ಸರಸಕ್ಕನದೂ ಅದೇ ಕಥೆ. ಅವರು ಸಂಡಿಗೆ ಹಾಕಿದ ದಿನವೇ ನಮ್ಮ ಬೆಂಕಿ.

"ಸಂಡಿಗೆಗೆ ಉಪ್ಪು ಖಾರ ಆಕಿದ್ದು ನಾನು, ಪ್ಲಾಸ್ಟಿಕ್ ಆಕಿದ್ದು ನೀವು," ಅಂದರು ಒಂದು ದಿನ. ಒಂದು ತಟ್ಟೆ ಕರಿದೂ ಕೊಟ್ಟರು. ತಿಂದು ನೋಡಿದೆ... ಸುಳ್ಳಲ್ಲ.

ಆಮೇಲೆ ನಾನು ಮಾವನ ಬೆನ್ನು ಬಿದ್ದೆ. ರದ್ದಿ ಕಾಗದದಿಂದಲೇ ಮಾಡಿದ, ರಾಗಿ ಹಿಟ್ಟಿನ ಬಣ್ಣದ, ಸ್ವಲ್ಪ ಒರಟಾದ ದಪ್ಪ ಕಾಗದದ ಬೋರ್ಡು ತರಿಸಿದೆ. ಇದಕ್ಕೆ ಪ್ಲಾಸ್ಟಿಕ್ ಬೇಡ, ಅಂಚು ಪೂರ್ತಿ ರದ್ದಿಗೇ ಹೋಗುತ್ತದೆ.

ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇದೇನ್ಲಾ, ಮದ್ವೆ ಕಾರ್ಡಾ ಅಪ್ಪಳಾನಾ?"

ಕೊನೆಗೆ ಒಂದು ಮಾತಾಯಿತು. "ನಾಳೆ ಬರೋ ಗಿರಾಕಿ ಇದನ್ನ ಒಪ್ಲಿ, ಈ ಸೀಸನ್‌ಗೆ ಆ ಮಿಷನ್ ಮುಚ್ಚಾಕ್ತೀನಿ. ಒಪ್ಲಿಲ್ವಾ, ಇನ್ಮೇಲೆ ಇತ್ಲಲ್ಲಿ ಬೆಂಕಿ ಅಚ್ಚೋ ಕೆಲ್ಸ ನಿಂದೇ ಕಣ್ಲಾ."

ಮಾರನೇ ದಿನ ಬಂದವರು ಕ್ಯಾಸಂಬಳ್ಳಿ ಕಡೆಯ ಮುನಿರಾಜಣ್ಣ. ಡೈರಿಗೆ ಹಾಲು ಹಾಕುವವರು, ಮಗಳ ಮದುವೆ. ಬೈಕಿನ ಹಿಂದೆ ಅವರ ತಾಯಿ ನಾರಾಯಣಮ್ಮಜ್ಜಿ.

ನಾನು ಎರಡು ಸ್ಯಾಂಪಲ್ ಇಟ್ಟೆ. ಒಂದು ಮಿಣಮಿಣ, ಒಂದು ಅಪ್ಪಳ.

ಮುನಿರಾಜಣ್ಣನ ಕೈ ಸೀದಾ ಮಿಣಮಿಣಕ್ಕೇ ಹೋಯಿತು. "ಇದೇ ಇರ್ಲಪ್ಪ. ಗಂಡಿನ ಕಡೆಯೋರ ಮುಂದೆ ಮರ್ಯಾದೆ ಪ್ರಶ್ನೆ."

ಮಾವ ನನ್ನ ಕಡೆ ನೋಡಿ, ಮೇಜಿನ ಮೇಲಿದ್ದ ಬೆಂಕಿಪೊಟ್ಟಣವನ್ನು ಮೆಲ್ಲಗೆ ನನ್ನತ್ತ ತಳ್ಳಿದರು.

ಆಗ ನಾನು ಪುರೋಹಿತರ ಗಾಂಭೀರ್ಯದಿಂದ ಎದ್ದು ನಿಂತೆ. "ಅಜ್ಜೀ, ಮೊದಲ ಕಾರ್ಡು ದೇವರ ಮುಂದೆ ಇಡೋದಲ್ವಾ? ಎರಡಕ್ಕೂ ನೀವೇ ಅರಿಶಿನ ಹಚ್ಚಿ ನೋಡಿಬಿಡಿ." ಬಟ್ಟಲಲ್ಲಿ ಅರಿಶಿನ ಕಲಸಿಯೇ ಇಟ್ಟಿದ್ದೆ.

ಅಜ್ಜಿ ಮಿಣಮಿಣ ಕಾರ್ಡಿನ ಮೂಲೆಗೆ ಬೆರಳಿಟ್ಟರು. ಅರಿಶಿನ ಹನಿಹನಿಯಾಗಿ ಜಾರಿ ಮೇಜಿನ ಮೇಲೆ ಬಿತ್ತು. ಇನ್ನೊಂದು ಮೂಲೆ. ಅದೂ ಜಾರಿತು.

"ಏಮಿರಾ ಇದಿ, ಏನ್ಲಾ ಇದು... ಅರಿಶಿನಾನೇ ನಿಲ್ದಿರೋ ಕಾರ್ಡು ದೇವ್ರ ಮುಂದೆ ಎಂಗ್ಲಾ ಇಡೋದು?"

ಅಪ್ಪಳದ ಮೇಲೆ ಹಚ್ಚಿದರು. ಕಾಗದ ಅರಿಶಿನವನ್ನು ಹೀರಿಕೊಂಡು ನಾಲ್ಕು ಮೂಲೆಯಲ್ಲೂ ಹಿಡಿದು ಕೂತಿತು.

"ಅವ್ವಾ, ಗಂಡಿನ ಕಡೆಯೋರು..." ಅಂದರು ಮುನಿರಾಜಣ್ಣ.

"ಅವ್ರು ಅರಿಶಿನ ಇಲ್ದಿರೋ ಕಾರ್ಡು ಈಸ್ಕೊಂತಾರಾ? ಓದ್ಸಲ ಯಾರ್ದೋ ಇಂಥ ಪ್ಲಾಸ್ಟಿಕ್ ಕಾರ್ಡೇ ನೀರೊಲೆಗಾಕಿ, ಸ್ನಾನ ಮಾಡಿದ್ಮೇಲೂ ನಾರ್ತಿದ್ದೆ. ಸುಮ್ಕೆ ಅರಿಶಿನ ನಿಲ್ಲೋ ಇದ್ನೇ ಮಾಡ್ಸು."

ಮುನಿರಾಜಣ್ಣ ಒಂದು ಸಲ ಮಿಣಮಿಣವನ್ನು ನೋಡಿದರು, ಒಂದು ಸಲ ತಾಯಿಯನ್ನು. ಅಲ್ಲಿಗೆ ಮುಗಿಯಿತು.

ಅವತ್ತೇ ಸಂಜೆ ಮಾವ ತಾವೇ ಪಂಚೆ ತಂದು ಮಿಷನ್ನಿಗೆ ಹೊದಿಸಿದರು.

ಈಗ ಬರುವ ಗಿರಾಕಿಗಳು "ಅರಿಶಿನ ನಿಲ್ಲೋ ಕಾರ್ಡು ಕೊಡಿ" ಅಂತಲೇ ಕೇಳುತ್ತಾರೆ. ಮಾವ ಅದನ್ನು ತಮ್ಮದೇ ಐಡಿಯಾ ಅನ್ನುವಂತೆ ಅರ್ಧ ಗಂಟೆ ವಿವರಿಸುತ್ತಾರೆ. ರದ್ದಿಯವನು ಏನನ್ನೂ ಆರಿಸದೆ ಚೀಲ ಕಟ್ಟುತ್ತಾನೆ.

ಹಿತ್ತಲಲ್ಲಿ ಗುಡ್ಡೆ ಇದ್ದ ಜಾಗದಲ್ಲಿ ಇವತ್ತು ಸರಸಕ್ಕ ಚಾಪೆ ಹಾಸಿ ಸಂಡಿಗೆ ಒಣಗಿಸಿದ್ದಾರೆ. ಕಾಗೆ ಕಾಯುವ ಕೆಲಸ ನನಗೇ ಬಿದ್ದಿದೆ. ಇದನ್ನು ಟೈಪ್ ಮಾಡುತ್ತಿರುವುದೂ ಅಲ್ಲಿಂದಲೇ. ನಿಜ ಹೇಳುತ್ತೇನೆ, ಒಂದು ಗುಡ್ಡೆಯನ್ನಾದರೂ ಇಲ್ಲವಾಗಿಸಿದ ಊರಿಗಾಂ ಹುಡುಗ ಅನ್ನಿಸಿಕೊಳ್ಳುವುದು ಸಣ್ಣ ಹೆಮ್ಮೆ ಅಲ್ಲ.

ಒಂದೇ ಒಂದು ವಿಷಯ... ಆ ಮಿಣಮಿಣ ಸ್ಯಾಂಪಲ್ಲಿಗೆ, ಅವರು ಬರುವ ಐದು ನಿಮಿಷ ಮುಂಚೆ, ತಲೆಗೆ ಹಚ್ಚಿಕೊಂಡು ಉಳಿದ ಕೊಬ್ಬರಿ ಎಣ್ಣೆಯನ್ನು ನಾನೇ ಸವರಿದ್ದೆ. ಅಜ್ಜಿಗೆ ಯಾರೂ ಹೇಳಬೇಡಿ.